‘ಒಳ್ಳೆಯವರು’ ಎಂಬ ಸಾಕ್ಷಿ

“ಗುರುಗಳೇ, ನಾವು ಪ್ರೀತಿಸುವವರ ಬಗ್ಗೆ ಯಾರಾದರೂ ವಿಚಾರಿಸಿದರೆ, ‘ಒಳ್ಳೆಯವರು’ ಎಂದಷ್ಟೇ ಹೇಳಿ ಸುಮ್ಮನಾಗುವುದು ತಪ್ಪೇ?” ಎಂದು ಶಿಷ್ಯ ಕೇಳಿದ. ಬೆಳಿಗ್ಗೆ ಪರವೂರಿನವರೊಬ್ಬರು ಬಾಗಿಲಲ್ಲಿ ಅವನನ್ನು ಮಾತಾಡಿಸಿ ಹೋದಾಗಿನಿಂದ ಅವನು ನಿಂತಲ್ಲಿ ನಿಲ್ಲದೆ ಚಡಪಡಿಸುತ್ತಿದ್ದ. ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಹಿಂದೆ ಕೂಫಾ ಪಟ್ಟಣದಲ್ಲಿ ಹಿರಿಯ ಹದೀಸ್ ನಿರೂಪಕರೊಬ್ಬರಿದ್ದರು. ಪ್ರವಾದಿಗಳ ಮಾತನ್ನು ತಮ್ಮ ಗುರುಗಳಿಂದ ಕೇಳಿ, ಯಾರಿಂದ ಕೇಳಿದ್ದೆಂಬುದನ್ನೂ ಸೇರಿಸಿ, ಮುಂದಿನವರಿಗೆ ಒಪ್ಪಿಸುವುದೇ ಅವರ ಬಾಳು. ಇಂಥವರ ಮಾತನ್ನು ಸ್ವೀಕರಿಸುವ ಮೊದಲು ಪರೀಕ್ಷಕರು ಊರಿಗೆ ಬಂದು ವಿಚಾರಿಸುತ್ತಿದ್ದರು. ‘ನಂಬಬಹುದು’ ಎಂದರೆ ಮಾತು ಉಳಿಯುತ್ತಿತ್ತು. ಬರೀ ‘ಒಳ್ಳೆಯವರು’ ಎಂದರೆ, ನಮಾಜು ಉಪವಾಸಗಳಲ್ಲಿ ಕುಂದಿಲ್ಲ, ನೆನಪು ಮಾತ್ರ ಕೈಕೊಟ್ಟಿದೆ ಎಂದರ್ಥ. ಹೊಗಳುತ್ತಲೇ ಬಾಗಿಲು ಮುಚ್ಚುವ ಜಾಣತನ ಅದು.

ಒಬ್ಬ ಪರೀಕ್ಷಕ ಬಂದು ಹೋದ. ಆಮೇಲೆ ದೂರದ ವಿದ್ಯಾರ್ಥಿಗಳು ಹಿರಿಯರ ಮನೆ ದಾಟಿ ಬೇರೆಯವರ ಪಾಠಕ್ಕೆ ಹೋಗತೊಡಗಿದರು. ಹಿರಿಯರಿಗೆ ಅನ್ನ ಸೇರಲಿಲ್ಲ. ಜೀವಮಾನದ ಹೆಸರಿಗೆ ಮಣ್ಣು ಹಾಕಿದವರು ಯಾರು? ಬೀದಿ ಬೀದಿ ಅಲೆದು ಕೇಳಿದರು. ಎಲ್ಲರೂ ‘ನಂಬಬಹುದು’ ಎಂದೇ ಹೇಳಿದ್ದರು. ಕೊನೆಗೆ ಉಳಿದವನು ಅವರ ಮನೆಯಲ್ಲೇ ಬೆಳೆದ ಮೆಚ್ಚಿನ ಶಿಷ್ಯ ಮೈಮೂನ್.

“ನೀನೇನಂದೆ?”

“ಒಳ್ಳೆಯವರು ಅಂದೆ.”

ಹಿರಿಯರು ಸಿಡಿದುಬಿದ್ದರು. “ಉಂಡ ಮನೆಗೆ ಎರಡು ಬಗೆದೆಯಾ!”

ಮೈಮೂನನ ಕಣ್ಣು ತುಂಬಿತು. “ಖರ್ಜೂರದ ಸುಗ್ಗಿಯಲ್ಲಿ ಬಸ್ರಾದ ಗುರುಗಳಿಂದ ಕೇಳಿದ್ದೆಂದು ಒಪ್ಪಿಸಿದ ಮಾತನ್ನು ಮೊನ್ನೆ ಮದೀನಾದ ಗುರುಗಳ ಹೆಸರಿನಲ್ಲಿ ಹೇಳಿದಿರಿ. ಇದನ್ನು ನಿಮಗೆ ಹೇಳಲು ನಾಲಿಗೆ ಏಳಲಿಲ್ಲ. ಅವರಿಗೆ ಸುಳ್ಳು ಹೇಳಲೂ ಏಳಲಿಲ್ಲ.”

ಹಿರಿಯರು ಆ ಮಾತನ್ನು ತಾವೇ ಹೇಳಿ ನೋಡಿದರು. ಗುರುವಿನ ಹೆಸರು ಬರಬೇಕಾದಲ್ಲಿ ನಾಲಿಗೆ ತಡವರಿಸಿತು. ಮತ್ತೆ ಹೇಳಿದರು. ಇಬ್ಬರು ಗುರುಗಳ ಮುಖವೂ ಒಟ್ಟಿಗೇ ಎದುರು ಬಂದು ನಿಂತಿತು. ಅವರ ಸಿಟ್ಟು ಇಳಿಯಿತು, ಭಯ ಹತ್ತಿತು.

“ನನಗೆ ಮೊದಲು ಹೇಳಬಾರದಿತ್ತೇನಪ್ಪಾ? ನೀನು ಸುಮ್ಮನಿದ್ದಷ್ಟು ದಿನವೂ ನಾನು ಕಲಿಸುತ್ತಲೇ ಇದ್ದೆ. ಕೇಳಿಕೊಂಡು ಹೋದವರನ್ನೆಲ್ಲ ಈಗ ಎಲ್ಲಿ ಹುಡುಕಲಿ?” ಎನ್ನುತ್ತಾ ಅವರು ಚಪ್ಪಲಿ ಮೆಟ್ಟಿ ಮತ್ತೆ ಬೀದಿಗಿಳಿದರು.

ಗುರುಗಳು ಕತೆ ನಿಲ್ಲಿಸಿದರು.

“ಅವರೆಲ್ಲ ಸಿಕ್ಕರೇ?” ಎಂದು ಶಿಷ್ಯ ಕೇಳಿದ.

“ಅದಿರಲಿ, ಬೆಳಿಗ್ಗೆ ಬಂದವರಿಗೆ ನನ್ನನ್ನು ‘ಒಳ್ಳೆಯವರು’ ಅಂದೆಯಲ್ಲ, ನಾನು ಎಲ್ಲಿ ತಪ್ಪುತ್ತಿದ್ದೇನೆ ಹೇಳಪ್ಪಾ.”