ಜೋಡಿಹೊಗೆ ಅಗಸೆ

ಮುತ್ತಲಕೊಪ್ಪದ ದೇಸಾಯರ ತೋಟ ಈಗ ತೋಟವಾಗಿ ಉಳಿದಿಲ್ಲ. ಬಂಗಲೆಯ ಕಲ್ಲುಗಳು ಊರವರ ದನದ ಕೊಟ್ಟಿಗೆಗಳಲ್ಲಿವೆ. ಉಳಿದಿರುವುದು ರಸ್ತೆಯಂಚಿನ ಅಗಸೆಬಾಗಿಲು, ಅದರ ಎಡಬಲಕ್ಕೆ ಅಂಟಿಕೊಂಡ ಎರಡು ಕಾವಲುಮನೆಗಳು ಮಾತ್ರ. ಎರಡಕ್ಕೂ ಒಂದೇ ಅಳತೆ, ಒಂದೇ ಬಗೆಯ ಕಮಾನು ಕಿಟಕಿ, ಮಾಡಿನ ಮೇಲೆ ಒಂದೊಂದು ಹೊಗೆಗೂಡು. ಬಸ್ಸಿನ ಕಂಡಕ್ಟರು ಇಲ್ಲಿ ‘ಜೋಡಿಹೊಗೆ’ ಎಂದು ಕೂಗುತ್ತಾನೆ. ಒಂದು ಹೊಗೆಯೂ ಕಾಣುವುದಿಲ್ಲವಲ್ಲ ಎಂದು ಹೊಸಬರು ನಗುತ್ತಾರೆ. ನಗಲಿ, ಅವರಿಗೆ ಹೇಳಿದವರು ಯಾರು?

ಹಿಂದೆ ಒಮ್ಮೆ ಇಲ್ಲಿನ ದೇಸಾಯರು ಯಾರೋ ಸಾಹೇಬರ ಬಂಗಲೆಯಲ್ಲಿ ಇಂಥ ಬಾಗಿಲಿನ ಚಿತ್ರ ನೋಡಿ ಮರುಳಾದರಂತೆ. ಕಾವಲುಗಾರನಿಗೆ ಒಂದು ಮನೆ ಸಾಕಿತ್ತು. ಚಿತ್ರದಲ್ಲಿ ಎರಡಿದ್ದವು, ಎರಡು ಕಟ್ಟಿಸಿದರು. ಬಲಗಡೆಯದರಲ್ಲಿ ಅಡುಗೆ, ವಾಸ. ಎಡಗಡೆಯದರಲ್ಲಿ ಕುದುರೆ ಸಾಮಾನು. ಸರಿಜೋಡಿಯಾಗಲೆಂದು ಅದಕ್ಕೂ ಗೋಡೆಯೊಳಗೆ ಒಲೆಗೂಡು, ಮಾಡಿನ ಮೇಲೆ ಹೊಗೆಗೂಡು ಇಟ್ಟರು. ಒಲೆಗೂಡಿಗೂ ಹೊಗೆಗೂಡಿಗೂ ನಡುವೆ ಮಾತ್ರ ಗಟ್ಟಿ ಗಾರೆ. ನೋಡುವವರಿಗೆ ಅದು ತಿಳಿಯುವಂತಿರಲಿಲ್ಲ.

ಕೆಲವು ವರ್ಷಗಳ ಮೇಲೆ ದ್ಯಾವಪ್ಪನೆಂಬವನು ಕಾವಲಿಗೆ ಬಂದ. ಮಳೆಗಾಲದಲ್ಲಿ ಅವನ ಹೆಂಡತಿ ಸತ್ಯವ್ವ ಚೊಚ್ಚಲು ಹೆತ್ತಳು. ಅಡುಗೆಯ ಹೊಗೆ ಬಾಣಂತಿಗೆ ಬೇಡವೆಂದು ಅವನು ಎಡಗಡೆಯ ಮನೆ ಕೇಳಿ ಪಡೆದ. ನಮ್ಮ ಕಡೆ ಬಾಣಂತಿಗೆ ಬೆಂಕಿಯ ಕಾವು ಬೇಕು, ಗಾಳಿ ಸೋಕಕೂಡದು. ಕಿಟಕಿಗೆ ಕಂಬಳಿ ಜಡಿದು, ಒಲೆಗೂಡಿನಲ್ಲಿ ಸಗಣಿಯ ಕುಳ್ಳು ಹೊತ್ತಿಸಿ, ಕದ ಮುಂದೆ ಮಾಡಿ ಅಗಸೆಬಾಗಿಲಿಗೆ ನಿಂತ. ಅಂದು ದೇಸಾಯರ ಬೀಗರು ಬರುವವರಿದ್ದರು. ಗಾಡಿಯ ಹಿಂದೆ ಗಾಡಿ. ಹೆಂಡತಿ ಕೂಗಳತೆಯಲ್ಲೇ ಇದ್ದರೂ ಹೋಗಿ ನೋಡಲಾಗಲಿಲ್ಲ. ಸಂಜೆ ಕದ ತೆರೆದಾಗ ತಾಯಿ, ಮಗು ಇಬ್ಬರೂ ನಿದ್ದೆಹೋದವರ ಹಾಗೆಯೇ ತಣ್ಣಗಾಗಿದ್ದರು ಎನ್ನುತ್ತಾರೆ. ಅವನು ಅಳಲಿಲ್ಲ. ಮಣ್ಣು ಮಾಡಿ ಬಂದು ಮತ್ತೆ ಬಾಗಿಲಿಗೆ ನಿಂತ. ದೇಸಾಯರು ಗಾಡಿ ನಿಲ್ಲಿಸಿದರು.

“ಹೊಗಿ ಯಾಕ ಹೊರಗ ಹೋಗ್ಲಿಲ್ರಿ, ಧಣೇರ?” ಎಂದು ಕೇಳಿದ.

“ಅದು ಬರೇ ಚೆಂದಕ್ಕ ಕಟ್ಟಿಸಿದ್ದಪಾ,” ಎಂದರು ದೇಸಾಯರು.

“ಹೌದ್ರಿ,” ಎಂದು ದ್ಯಾವಪ್ಪ ಬಾಗಿಲು ತೆರೆದ. ಆ ‘ಚೆಂದಕ್ಕ’ ಎಂಬ ಮಾತಿನ ಮೇಲೆ ನನಗೆ ಇಂದಿಗೂ ಸಿಟ್ಟಿದೆ; ಅವನಿಗೆ ಸಿಟ್ಟೂ ಬರಲಿಲ್ಲವಂತೆ.

ಗಾಡಿ ಹೋದ ಮೇಲೆ ಹಾರೆ ಹಿಡಿದು ಮಾಡು ಹತ್ತಿ ಗಾರೆ ಒಡೆದ. ಯಾರೂ ಬೇಡವೆನ್ನಲಿಲ್ಲ. ಅಂದಿನಿಂದ ಸಾಯುವವರೆಗೂ ದಿನಾ ಸಂಜೆ ಆ ಬರಿಮನೆಯಲ್ಲಿ ಬೆಂಕಿ ಹಾಕಿ, ಹೊರಗೆ ನಿಂತು, ಹೊಗೆ ಮೇಲೇಳುವುದನ್ನು ಕಣ್ಣಾರೆ ಕಂಡ ಮೇಲೆಯೇ ಉಣ್ಣುತ್ತಿದ್ದ. ದೂರದ ಹೊಲದವರು ಎರಡು ಹೊಗೆ ಕಂಡು ಹೆಸರಿಟ್ಟರು. ಈಗಲೂ ಎಡಗಡೆಯ ಒಲೆಗೂಡಿನಲ್ಲಿ ತಲೆಯಿಟ್ಟು ನೋಡಿದರೆ ಹಾರೆಯ ಏಟುಗಳೂ ಮೇಲೊಂದು ತುಂಡು ಆಕಾಶವೂ ಕಾಣುತ್ತವೆ. ಎಂದೂ ಅಡುಗೆಯಾಗದ ಆ ಮನೆಯ ಮಸಿ ಮುಟ್ಟಿದರೆ ಇನ್ನೂ ಕೈಗೆ ಹತ್ತುತ್ತದೆ.