ಕೊಳವೆಯ ಬಾಯಲ್ಲಿ ತಿಳಿನೀರು

ಊರಿನ ಕೊಳಚೆಯೆಲ್ಲ ಬಂದು ಬೀಳುತ್ತಿದ್ದ ಕೆರೆಯೊಂದರಲ್ಲಿ ಒಂದು ತಾಯಿಮೀನು ತನ್ನ ಮರಿಗಳನ್ನು ಕಟ್ಟಿಕೊಂಡು, ಆಚೆ ದಡದ ಜೊಂಡಿನ ಮರೆಯಲ್ಲಿ ಹೇಗೋ ದಿನ ದೂಡುತ್ತಿತ್ತು. ಹೀಗಿರಲು ನಗರಸಭೆಯವರು ಕೊಳಚೆ ನೀರು ಶುದ್ಧ ಮಾಡುವ ಘಟಕ ಕಟ್ಟಿಸಿ, ಅದರ ಕೊಳವೆಯನ್ನು ಕೆರೆಗೆ ತಂದು ಬಿಟ್ಟರು. ಒಂದು ಬೆಳಿಗ್ಗೆ ಅದರಿಂದ ತಿಳಿನೀರು ಧುಮುಕುವುದನ್ನು ಕಂಡು ತಾಯಿಮೀನು ಈಜಿ ಬಂತು.

"ಕೊಳವೆಯಣ್ಣ, ಈ ನೀರನ್ನು ನಂಬಬಹುದೇ?"

"ನೀನೇ ಕುಡಿದು ನೋಡು ತಾಯಿ. ಮಕ್ಕಳನ್ನೂ ಕರೆದುಕೊಂಡು ಬಾ," ಎಂದಿತು ಕೊಳವೆ.

ಮೀನು ಕುಡಿದು ನೋಡಿತು. ಮರಿಗಳನ್ನೆಲ್ಲ ಕರೆತಂದು ಅಲ್ಲೇ ಬಿಡಾರ ಹೂಡಿತು. ಮರಿಗಳು ಹುಟ್ಟಿದ ಮೇಲೆ ಮೊದಲ ಸಲ ಮನಸಾರೆ ಆಡಿದವು. ಸಂಜೆಗೆ, ಘಟಕ ನೋಡಲು ಬಂದಿದ್ದ ಸಾಹೇಬರು ಜೀಪು ಹತ್ತಿ ಹೋದರು. ಯಂತ್ರದ ಸದ್ದು ನಿಂತಿತು. ಕೊಳವೆ ಕಪ್ಪು ನೀರು ಕಾರಿತು. ಮರಿಗಳು ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲಿದವು. ತಾಯಿಯದು ಗಟ್ಟಿ ಜೀವ, ಉಳಿಯಿತು.

"ನೀನೇ ಕರೆದೆಯಲ್ಲೋ ಪಾಪಿ!"

"ಮೇಲಿಂದ ಬಂದದ್ದನ್ನು ಕೆಳಗೆ ಬಿಡುವುದಷ್ಟೇ ನನ್ನ ಕೆಲಸ, ತಾಯಿ. ಸಾಹೇಬರು ಬಂದ ದಿನ ಮಾತ್ರ ಯಂತ್ರ ಓಡಿಸುತ್ತಾರೆ."

"ಅದನ್ನು ಆಗಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ದು ಬೆಳಗಿನ ನೀರನ್ನು. ಸಂಜೆಯದ್ದನ್ನು ಕೇಳಲಿಲ್ಲ."

ಸಾಹೇಬರು ಇನ್ನೊಮ್ಮೆ ಬಂದರು. ಮತ್ತೆ ತಿಳಿನೀರು ಬಂತು. ಮಕ್ಕಳನ್ನು ಕಳೆದುಕೊಂಡ ಜಾಗವನ್ನು ಬಿಟ್ಟು ಹೋಗಲಾರದೆ ತಾಯಿಮೀನು ಅಲ್ಲೇ ಸುತ್ತುತ್ತಿತ್ತು. ಸಾಹೇಬರು ಅದನ್ನು ಬೆರಳು ಮಾಡಿ ತೋರಿಸುತ್ತ, "ನೀರು ಚೊಕ್ಕಟವಾಗಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇನ್ರೀ? ಮೀನು ಹೇಗೆ ಆಡುತ್ತಿದೆ ನೋಡಿ!" ಎಂದರು.