ಅಂಟು ಬಿಡಿಸಲು ಹೋದ ಬ್ರಷ್ಷು

ಹಲಸಿನ ಮರದಡಿ ನಿಂತಿದ್ದ ಪ್ರವಾಸದ ವ್ಯಾನಿನ ಮೇಲೆ, ಕಾಯಿ ಕಿತ್ತ ತೊಟ್ಟಿನಿಂದ ಅಂಟು ತೊಟ್ಟಿಕ್ಕಿತು. ಸೋಪುನೀರಿನಲ್ಲಿ ಅದ್ದಿದ ಬ್ರಷ್ಷು ಬಂದು ಜೋರಾಗಿ ಉಜ್ಜಿತು. ಚುಕ್ಕಿಯಷ್ಟಿದ್ದ ಅಂಟು ಅಂಗೈಯಗಲ ಹರಡಿ ಬ್ರಷ್ಷಿನ ಕೂದಲಿಗೂ ಮೆತ್ತಿಕೊಂಡಿತು.

ಬ್ರಷ್ಷು ತಬ್ಬಿಬ್ಬಾಯಿತು. "ಬಿಡಿಸಲು ಬಂದವನು ನಾನು. ನನ್ನನ್ನೇ ಯಾಕೆ ಹಿಡಿದೆ?"

"ನೀವು ತಳ್ಳಿದಿರಿ, ನಾನು ಹಿಡಿದುಕೊಂಡೆ," ಎಂದಿತು ಅಂಟು.

ಅಷ್ಟರಲ್ಲಿ ಅಡುಗೆ ಸಾಮಾನಿನ ಚೀಲದಿಂದ ಕೊಬ್ಬರಿ ಎಣ್ಣೆ ಬಂತು.

"ನೀನೇ ಒಂದು ಜಿಡ್ಡು. ನಿನ್ನಿಂದೇನಾಗುತ್ತದೆ?" ಎಂದಿತು ಬ್ರಷ್ಷು.

"ಹಲಸು ಬಿಡಿಸುವವರು ಮೊದಲು ನನ್ನನ್ನೇ ಕೈಗೆ ಸವರಿಕೊಳ್ಳುತ್ತಾರೆ," ಎಂದು ಎಣ್ಣೆ ಅಂಟಿನ ಮೇಲೆ ಸುಮ್ಮನೆ ಕುಳಿತಿತು. ಸ್ವಲ್ಪ ಹೊತ್ತಿಗೆ ಅಂಟು ತಾನಾಗಿಯೇ ಜಾರಿತು.

"ಇನ್ನು ನಿಮ್ಮ ಕೂದಲಿನ ಸರದಿ," ಎಂದು ಎಣ್ಣೆ ಬ್ರಷ್ಷಿನತ್ತ ತಿರುಗಿತು.

ಉಜ್ಜದೆಯೇ ಅಂಟು ಹೇಗೆ ಬಿಟ್ಟಿತೆಂದು ಬ್ರಷ್ಷಿಗೆ ಇನ್ನೂ ಅರ್ಥವಾಗಿರಲಿಲ್ಲ. ಆದರೂ ಅದರ ದನಿ ತಗ್ಗಿತು.

"ಮೆಲ್ಲಗೆ, ಅಣ್ಣಾ. ಉಜ್ಜಬೇಡ."